ಭಜನೆಯ ಮೈಕು, ಬೆಂಕಿಪೊಟ್ಟಣದ ಕೈಯಲ್ಲಿ

ಜನ ನನ್ನನ್ನು ಬಾಯಿ ಎಂದುಕೊಂಡಿದ್ದಾರೆ. ನಿಜ ಹೇಳಬೇಕೆಂದರೆ ನಾನು ಕಿವಿ. ತಂತಿಯ ಜಾಳಿಗೆಯ ಹಿಂದೆ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಒಂದು ಪೊರೆಯಿದೆ. ಅದೇ ನನ್ನ ಜೀವ. ಯಾವುದೋ ಕಾರಖಾನೆಯಲ್ಲಿ ಒಬ್ಬ ಹೆಣ್ಣುಮಗಳು ಆ ಪೊರೆಯನ್ನು ಕೂರಿಸಿ "ಹಲೋ" ಎಂದಳು. ನಾನು ಹುಟ್ಟಿದೆ.

ನನ್ನನ್ನು ಹಳೇ ಹುಬ್ಬಳ್ಳಿಗೆ ತಂದವರು ಫಕೀರಪ್ಪಜ್ಜ. ಅವರು ಓಣಿಯ ಭಜನಾ ಮಂಡಳಿಗೆ ಹಿರಿಯರು. ಮೊದಲ ದಿನವೇ ನನ್ನ ನೆತ್ತಿಗೆ ವಿಭೂತಿ ಹಚ್ಚಿ, "ಶಿವನ ಹೆಸರು ಬಿಟ್ಟು ಬ್ಯಾರೆ ಕೇಳಬ್ಯಾಡಪಾ" ಎಂದರು. ಆ ಮಂಡಳಿ ಹಾಡುತ್ತಿದ್ದುದು ಸತ್ತವರ ಮನೆಯಲ್ಲಿ. ಹೆಣವನ್ನು ಗೋಡೆಗೆ ಆನಿಸಿ ಕೂರಿಸಿರುತ್ತಾರೆ. ಎದುರಿಗೆ ದಮ್ಮಡಿ, ತಾಳ ಹಿಡಿದು ಇವರು ಕೂರುತ್ತಾರೆ. ಹೆಣ ಎತ್ತುವವರೆಗೆ ಪದ ನಿಲ್ಲಕೂಡದು. ನಿಂತರೆ ಹೋಗುವ ಜೀವ ಹಾದಿಯಲ್ಲಿ ಒಂಟಿಯಾಗುತ್ತದೆ ಎಂದು ಅಜ್ಜ ಹೇಳುತ್ತಿದ್ದರು.

ಅಜ್ಜನಂಥ ಕಂಠವನ್ನು ನಾನು ಮತ್ತೆ ಕೇಳಲಿಲ್ಲ. ಆದರೂ ಅವರಿಗೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ಸತ್ತ ಮನೆಯಲ್ಲಿ ಯಾರು ತಟ್ಟುತ್ತಾರೆ? ಪದ ಮುಗಿದರೆ ಅಳು ಏಳುತ್ತಿತ್ತು, ಅಷ್ಟೆ. ಹಾಡೆಂದರೆ ಅಳುವಿಗೆ ಮುನ್ನಿನ ಮಾತು ಎಂದೇ ನಾನು ತಿಳಿದಿದ್ದೆ.

ಯಾರೋ ಭಕ್ತರು ಮಂಡಳಿಗೆ ಹೊಸ ಮೈಕ್ ಸೆಟ್ಟು ಕೊಡಿಸಿದರು. ಅಜ್ಜ ನನ್ನನ್ನು ಮೊಮ್ಮಗಳು ನೀಲಾಳ ಕೈಗಿಟ್ಟು, "ಕಾಲೇಜಿನ್ಯಾಗ ಭಾಷಣಾ ಮಾಡವಾ" ಎಂದರು.

ನೀಲಾ ನನ್ನನ್ನು ಕಾಲೇಜಿಗೆ ಒಯ್ಯಲಿಲ್ಲ. ಇಮ್ತಿಯಾಜ್ ಎಂಬ ಹುಡುಗನ ಪಂಕ್ಚರ್ ಅಂಗಡಿಯ ಹಿಂದಿನ ಗೋದಾಮಿಗೆ ಒಯ್ದಳು. ಅಲ್ಲಿ ಹತ್ತಾರು ಹುಡುಗರು ಸೇರಿದ್ದರು. ಅವಳು ಓಢಣಿಯಿಂದ ಮುಖ ಮುಚ್ಚಿಕೊಂಡಳು. ಅಲ್ಲಿ ಅವಳ ಹೆಸರು ಬೆಂಕಿಪೊಟ್ಟಣ. ಅವಳು ಬಾಯಿ ತೆರೆದಾಗ ನನಗೆ ಸಿಡಿಲು ಬಡಿದಂತಾಯಿತು. ರಾಗವಿಲ್ಲ, ದೇವರಿಲ್ಲ. ಮಾತಿನ ಕಲ್ಲು ತೂರಾಟ!

"ಪಂಕ್ಚರ್ ತಿದ್ದೋ ಇಮ್ತಿಯಾಜಾ, ಮೊದಲ ನಿನ್ನ ಮಾತು ತಿದ್ದು,
ಬರೇ ಗಾಳಿ ತುಂಬಿಕೊಂಡು ಬಂದಿ ಏನೋ ಟೈರಿನಂಗ ಎದ್ದು?"

ಇನ್ನು ಹೊಡೆದಾಟವೇ ಎಂದು ನಾನು ನಡುಗಿದೆ. ಬೈಸಿಕೊಂಡ ಇಮ್ತಿಯಾಜನೇ ಎಲ್ಲರಿಗಿಂತ ಮೊದಲು ಕೈ ಮೇಲೆತ್ತಿ "ಹೋಯ್!" ಎಂದು ಕೂಗಿದ. ಗೋದಾಮೇ ಕೂಗಿತು. ಅದು ರ‍್ಯಾಪ್ ಎಂಬ ಬೈಗುಳದ ಆಟವಂತೆ; ಬೈಗುಳ ನಾಟಿದರೆ ಬೈಸಿಕೊಂಡವನೂ ಕೂಗಲೇಬೇಕು, ಅದು ಅವರ ನೇಮ. ಹೊಗಳಿಕೆಯ ಸದ್ದನ್ನು ನಾನು ಕೇಳಿದ್ದು ಅದೇ ಮೊದಲು. ನನ್ನ ಪೊರೆ ಬಹಳ ಹೊತ್ತು ಅದುರುತ್ತಲೇ ಇತ್ತು.

ಅವಳ ಪದಗಳು ಮೊಬೈಲಿನಿಂದ ಮೊಬೈಲಿಗೆ ಹರಡಿದವು. ಧಾರವಾಡ, ಗದಗಿನ ಹುಡುಗರೂ ಬೆಂಕಿಪೊಟ್ಟಣ ಯಾರೆಂದು ಹುಡುಕಿದರು. ಒಮ್ಮೆ ಅವಳ ಪದವೇ ಆಟೋ ಒಂದರಲ್ಲಿ ಮನೆಯ ಮುಂದೆ ಹಾದುಹೋಯಿತು. ಕಟ್ಟೆಯ ಮೇಲಿದ್ದ ಅಜ್ಜ, "ಇದೇನ್ ಪದಾನಬೇ? ಹಲ್ಲುನೋವಿನಾಂವ ಒದರಿದಂಗ ಐತಿ" ಎಂದು ನಕ್ಕರು. ನೀಲಾ ತಲೆ ತಗ್ಗಿಸಿದಳು.

"ಇನ್ನೂ ಎಷ್ಟ್ ದಿನಾ ಮಾರಿ ಮುಚ್ಕೋತೀಬೇ? ನಿಮ್ಮಜ್ಜಗ ಹೇಳಿಬಿಡು" ಎಂದ ಇಮ್ತಿಯಾಜ್.

"ಅವಗ ಸೇರೂ ಹಂಗ ಒಂದರೆ ಪದಾ ಬರೀತೀನಿ. ಆಮ್ಯಾಲೆ ಹೇಳ್ತೀನಿ."

ಅದನ್ನು ಅವಳು ಬರೆಯುವ ಮೊದಲೇ ಅಜ್ಜ ಶಿವಾಧೀನರಾದರು. ಬೆಳಿಗ್ಗೆ ಪೂಜೆಗೆ ಕೂತವರು ಏಳಲಿಲ್ಲ.

ಓಣಿ ದಂಗಾಯಿತು. ಊರನ್ನೆಲ್ಲ ಕಳಿಸಿಕೊಡುತ್ತಿದ್ದವರು ತಾವೇ ಗೋಡೆಗೊರಗಿ ಕೂತಿದ್ದರು. ಅಜ್ಜಿ ಕಲ್ಲವ್ವ, "ಅವರ ಹಳೇ ಮೈಕಿನ್ಯಾಗ ಹಾಡ್ರಿ" ಎಂದರು. ನೀಲಾ ನನ್ನನ್ನು ತಂದಿಟ್ಟಳು. ಅಜ್ಜನ ಜೊತೆಗಾರ ರುದ್ರಪ್ಪನವರು ಪದ ಎತ್ತಿದರು. ಎರಡನೆಯ ನುಡಿಗೇ ಅತ್ತುಬಿಟ್ಟರು. ಇನ್ನೊಬ್ಬರು ಎತ್ತಿದರು, ಅವರೂ ಅತ್ತರು. ಬರೀ ದಮ್ಮಡಿ ಬಡಿಯುತ್ತಿತ್ತು. ಹೆಣ ಎತ್ತುವ ಹೊತ್ತು ಇನ್ನೂ ದೂರವಿತ್ತು. ಪದ ನಿಂತಿತ್ತು, ಅಜ್ಜ ಒಂಟಿಯಾಗುತ್ತಿದ್ದರು.

ನೀಲಾ ನನ್ನನ್ನು ಎತ್ತಿಕೊಂಡಳು. ಮುಖದ ಮೇಲೆ ಓಢಣಿ ಇರಲಿಲ್ಲ.

"ಊರ ಹೆಣಕ್ಕೆಲ್ಲಾ ಹಾಡಿದಿ ಅಜ್ಜಾ, ಇವತ್ತು ಬಂತು ನಿನ್ನ ಸರದಿ,
ತಾಳ ತಪ್ಪಿದರ ಬೈಯಾಂವ ನೀನು, ಎದ್ದು ಬೈಯೋ, ಯಾಕ ಒರಗಿದಿ?"

"ಹೋಯ್!"

ಪೆಂಡಾಲಿನ ತುದಿಯಲ್ಲಿ ಇಮ್ತಿಯಾಜ್ ಮತ್ತು ಅವನ ಗೆಳೆಯರು ಕೈ ಮೇಲೆತ್ತಿ ನಿಂತಿದ್ದರು. ಎತ್ತಿದ ಕೈ ಇಳಿಸಲೂ ಅವರಿಗೆ ತೋಚಲಿಲ್ಲ. ಅಳುತ್ತಿದ್ದವರ ಬಾಯಿ ತೆರೆದಂತೆಯೇ ಉಳಿಯಿತು. ದಮ್ಮಡಿಯೂ ನಿಂತಿತು.

"ಯಾರಲೇ ಅದು? ಸತ್ತ ಮನ್ಯಾಗ ಕೇಕಿ ಹೊಡೀತೀರೇನಲೇ!" ರುದ್ರಪ್ಪನವರು ಎದ್ದೇಬಿಟ್ಟರು.

"ತಪ್ಪಾತ್ರಿ ಕಾಕಾ. ರೂಢಿ ಮ್ಯಾಲೆ ಬಂದುಬಿಡ್ತು. ಪದಾ ನಾಟಿತ್ರೀ..."

ಇಮ್ತಿಯಾಜನ ದನಿ ಅಳುತ್ತಿತ್ತು. ಆಗ ಗಂಡನ ಪಾದದ ಬಳಿ ಕೂತಿದ್ದ ಅಜ್ಜಿ ತಲೆಯೆತ್ತಿದರು.

"ಕುಂಡ್ರೋ ರುದ್ರಪ್ಪಾ. ಹರೇದಾಗಿಂದ ಹಾಡಿದ್ರು. ಒಂದು ದಿನಾ ಒಬ್ಬರರೆ ಭೇಷ್ ಅಂದಿಲ್ಲ. ಸತ್ತ ಮನ್ಯಾಗ ಅನಬಾರದು ಅಂತ ನಾನೂ ಅನಲಿಲ್ಲ." ಹುಡುಗರ ಕಡೆ ತಿರುಗಿದರು. "ಇನ್ನೊಮ್ಮೆ ಒದರ್ರೋ ತಮ್ಮಾ."

ಹುಡುಗರು ರುದ್ರಪ್ಪನವರ ಮುಖ ನೋಡಿದರು. ಅಜ್ಜಿಯೇ ಬಳೆ ಒಡೆದ ಬರಿಗೈಯನ್ನು ಮೇಲೆತ್ತಿದರು. ಆಗ ಹುಡುಗರು ಕೂಗಿದರು. ಅವರ ಹಿಂದೆ ಓಣಿ ಕೂಗಿತು. ಕೊನೆಗೆ ರುದ್ರಪ್ಪನವರೂ ಒಡಕು ದನಿಯಲ್ಲಿ ಕೂಗಿ ದಮ್ಮಡಿ ಎತ್ತಿಕೊಂಡರು. ನೀಲಾ ಹೆಣ ಎತ್ತುವವರೆಗೂ ನಿಲ್ಲಿಸಲಿಲ್ಲ. ಎತ್ತಿದ ಮೇಲೆ ಕುಸಿದಳು. ಅವಳ ಕೈಯಿಂದ ನಾನು ಕಲ್ಲಿನ ಮೇಲೆ ಬಿದ್ದೆ. ನನ್ನ ಪೊರೆ ಹರಿಯಿತು.

ಈಗ ನಾನು ಕಿವುಡು. ಅಜ್ಜಿಯ ದೇವರ ಮಾಡದಲ್ಲಿ ವಿಭೂತಿ ಗಟ್ಟಿಯ ಪಕ್ಕ ಮಲಗಿದ್ದೇನೆ. ನೀಲಾ ಗೋದಾಮಿಗೆ ಹೊರಡುವಾಗ ನನ್ನನ್ನು ಮುಟ್ಟಿ ಹೋಗುತ್ತಾಳೆ, ಬರಿಯ ಮುಖದಲ್ಲಿ. ಶಿವನ ಹೆಸರು ಬಿಟ್ಟು ಬೇರೆ ಕೇಳಬೇಡ ಎಂದಿದ್ದರು ಅಜ್ಜ. ಕೇಳಿಬಿಟ್ಟೆ. ಆ ಕೂಗು ಅವರಿಗೆ ಮುಟ್ಟಿತೋ ಇಲ್ಲವೋ, ಶಿವನೇ ಬಲ್ಲ. ಅಜ್ಜ ಎದುರಿಗೇ ಕೂತಿದ್ದರು.