ಕಾಯಿಲ್ ಕೊರಳಿನ ಜರಿ ಎಳೆ

ಒಂದೂರಲ್ಲಿ ಒಬ್ಬ ರಾಜ, ಆ ರಾಜನಿಗೊಬ್ಬಳು ಮಗಳು, ಆ ಮಗಳನ್ನು ಏಳು ಬೆಟ್ಟದಾಚೆ ಕೊಡಲು ಹೊತ್ತೊಯ್ಯುತ್ತಿದ್ದ ಕುದುರೆ ನಡುದಾರಿಯಲ್ಲಿ ನಿಂತುಬಿಟ್ಟಿತಂತೆ — ಹೀಗೇ ನಿಂತಿರಬೇಕು, ಕೆಮ್ಮದೆ, ಮುಗ್ಗರಿಸದೆ, ಆಡುತ್ತಿದ್ದ ಮಾತು ಬಾಯಲ್ಲೇ ಉಳಿದ ಹಾಗೆ, ಈಗ ನಮ್ಮ ಅಂಬಾಸಿಡರ್ ನಿಂತ ಹಾಗೆ, ಮೀಟರಿನಲ್ಲಿ ಕೆಂಪು ದೀಪ ಹತ್ತಿ, ಚಕ್ರ ಮಾತ್ರ ಸ್ವಲ್ಪ ದೂರ ತಾನಾಗಿ ಉರುಳಿ, ಆಮೇಲೆ ಬಿಸಿಲು, ಬರೀ ಬಿಸಿಲು. ಹಿಂದೂಪುರ ಬಿಟ್ಟಮೇಲೆ ಇದು ಮೂರನೆಯ ಸಲ. ಕಂಬದೂರು ಈಗಷ್ಟೇ ದಾಟಿದೆವು, ಹನ್ನೆರಡರೊಳಗೆ ಕಲ್ಯಾಣದುರ್ಗದಲ್ಲಿ ತಾಂಬೂಲ ಬದಲಾಯಿಸಬೇಕು, ಹನ್ನೆರಡಾದರೆ ರಾಹುಕಾಲ, ಅಮ್ಮ ಮುಂಜಾನೆ ಬಸ್ಸಿಗೇ ಹೋಗಿ ಅಲ್ಲಿ ಕಾಯುತ್ತಿದ್ದಾಳೆ, ಮುಹೂರ್ತ ತಪ್ಪಿದರೆ ಈ ಸಂಬಂಧವೇ ಬೇಡ ಅಂತ ಅವರ ಮನೆಯವರು ಮೊದಲೇ ಹೇಳಿದ್ದಾರೆ, ಬೇಡ ಅಂದುಬಿಡಲಿ, ಹನ್ನೆರಡಾಗಿಬಿಡಲಿ. ಏಮಯ್ಯಾ ಓಬಳಪ್ಪಾ, ಮತ್ತೇನಾಯ್ತು ನಿನ್ನ ಗಾಡಿಗೆ, ಅಂತ ಅಪ್ಪ. ಓಡುವಾಗ ನಿಮ್ಮ ಗಾಡಿ, ನಿಂತಾಗ ನನ್ನ ಗಾಡಿ, ಅಲ್ವಾ ಯಜಮಾನ್ರೇ, ಅಂತ ಓಬಳಪ್ಪ ಬಾನೆಟ್ ಎತ್ತುತ್ತಾನೆ, ಹನ್ನೆರಡು ವರ್ಷದಿಂದ ನಮ್ಮ ಗಾಡಿ ಓಡಿಸುವವನು, ನನ್ನನ್ನು ಸ್ಕೂಲಿಗೆ ಬಿಡುತ್ತಿದ್ದವನು. ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಅಜ್ಜಿ, ಮಡಿಲಲ್ಲಿ ನೀರಿನ ಹಿತ್ತಾಳೆ ಚೊಂಬು, ಕಣ್ಣು ಮುಚ್ಚಿದ್ದಾಳೆ, ನಿದ್ದೆಯೋ ಏನೋ. ಎರಡು ಕಡೆಯೂ ಗಾಜು ಇಳಿಸಿದೆ, ಆದರೂ ಉಸಿರಿಲ್ಲ, ರೇಷ್ಮೆ ಸೀರೆ ಬೆನ್ನಿಗೆ ಅಂಟಿದೆ, ನಾನೇ ನೇಯ್ದ ಸೀರೆ, ನಾನು ನೇಯುವ ಕೊನೆಯ ಸೀರೆ ಇದೇ ಇರಬಹುದು, ಯಾಕೆಂದರೆ ನೋಡಲು ಬಂದಿದ್ದ ದಿನ ಆ ಹುಡುಗನ ತಾಯಿ ಭ್ರಮರಾಂಬ ಹೇಳಿದ್ದರು, ನಮ್ಮನೇಲಿ ಮಗ್ಗ ಗಿಗ್ಗ ಏನೂ ಇಲ್ಲ ಕಣಮ್ಮ, ನೀನು ಬೀದಿಗೆ ಕಾಲಿಡೋದೇ ಬೇಡ, ಅಂಗಡಿ ಹಿಂದೆ ದೊಡ್ಡ ರೂಮು ಐತೆ, ಹಾಯಾಗಿ ಕೂತಿರು. ಕಿಟಕಿ? ಅಂತ ಕೇಳಬೇಕಿತ್ತು. ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದೆ, ಅವತ್ತು ಆಯುಧಪೂಜೆಯ ಮೂರನೆಯ ದಿನ, ಮರೆತದ್ದು ಅವತ್ತೇ.

ನಮ್ಮ ಮನೆಯಲ್ಲಿ ಆಯುಧಪೂಜೆಗೆ ಪ್ರತಿ ಮಗ್ಗಕ್ಕೂ ಒಂದೊಂದು ಎಳೆ ಜರಿ ಕಟ್ಟುತ್ತೇವೆ, ಗಾಡಿ ಬಂದಮೇಲೆ ಗಾಡಿಗೂ, ಕಟ್ಟಿದವಳೇ ಮೂರನೆಯ ದಿನ ಬಿಚ್ಚಿ ನೀರಿಗೆ ಬಿಡಬೇಕು, ಬೇರೆ ಯಾರೂ ಮುಟ್ಟುವ ಹಾಗಿಲ್ಲ. ಬಾನೆಟ್ಟಿನೊಳಗೆ ಇಂಜಿನ್ನಿಗೆ ಕಿಡಿ ಕೊಡುವ, ಕರಿ ಡಬ್ಬಿಯ ಹಾಗಿದ್ದ ಕಾಯಿಲ್ಲಿನ ಕೊರಳು ಚೆನ್ನಾಗಿದೆ ಅನ್ನಿಸಿ ಅಲ್ಲೇ ಕಟ್ಟಿದ್ದೆ. ಬಿಚ್ಚಿದ್ಯಾ ಅಂತ ಅಜ್ಜಿ ಕೇಳಿದಾಗ ಹೂಂ ಅಂದಿದ್ದೆ. ಇವತ್ತು ಎರಡನೆಯ ಸಲ ನಿಂತಾಗ ಇಳಿದು ಓಬಳಪ್ಪನ ಬೆನ್ನ ಹಿಂದೆ ನಿಂತು ನೋಡಿದೆ — ಗಂಟಿನಿಂದ ಜಾರಿದ ಜರಿಯ ತುದಿ, ಅರಿಶಿನ ಮೆತ್ತಿದ ಒಂದು ಮಿಣುಕು, ಗಾಳಿಗೆ ನಡುಗುತ್ತ ಕಾಯಿಲ್ಲಿನ ಸಣ್ಣ ಸ್ಕ್ರೂ ಮುಟ್ಟುತ್ತಿತ್ತು, ಬಿಡುತ್ತಿತ್ತು. ಚಿಕ್ಕವಳಿದ್ದಾಗ ಮಗ್ಗದ ಮೇಲಿನ ಬಲ್ಬಿನ ಹೋಲ್ಡರಿಗೆ ಜರಿ ತಗುಲಿ ಚಟ್ ಅಂದು ಮನೆಯೆಲ್ಲ ಕತ್ತಲಾಗಿತ್ತು, ಜರಿ ಒಳಗೆ ಬೆಳ್ಳಿ ಐತೆ ಕಣೆ, ಅದರೊಳಗೆ ಕರೆಂಟು ಹರೀತೈತೆ, ಅಂದಿದ್ದಳು ಅಜ್ಜಿ. ಮುಟ್ಟಿದಾಗ ಕಿಡಿ ಸತ್ತು ಗಾಡಿ ನಿಲ್ಲುತ್ತೆ, ಬಿಟ್ಟಾಗ ಓಡುತ್ತೆ. ನನಗೆ ಗೊತ್ತಾಯಿತು, ಅವನಿಗೆ ಗೊತ್ತಾಗಲಿಲ್ಲ, ದಾರ ಅವನ ಕಣ್ಣಿಗೆ ಬೀಳದೆ ಅಲ್ಲ, ಪಾಯಿಂಟು ಉಜ್ಜಿದ, ಕಂಡೆನ್ಸರ್ ಬದಲಾಯಿಸಿದ, ಬ್ಯಾಟರಿ ಗುದ್ದಿದ, ದಾರದ ಹತ್ತಿರ ಬಂದಾಗ ಮಾತ್ರ ಕೈ ಸುತ್ತಿ ಬಳಸಿ ಹೋಯಿತು, ನಮ್ಮ ಚಿಕ್ಕ ಅಮ್ಮಯ್ಯ ಕಟ್ಟಿದ ಪೂಜೆ ದಾರ, ಅಂತ ಬೆರಳು ಕಣ್ಣಿಗೊತ್ತಿಕೊಂಡ. ನಾನು ಬಂದು ಸುಮ್ಮನೆ ಕೂತೆ. ಎಷ್ಟು ಸಣ್ಣ ಎಳೆ. ಕಲ್ಯಾಣದುರ್ಗವನ್ನೇ ತಡೆದು ಹಿಡಿದ ಎಳೆ. ಈಗ ಅಪ್ಪನ ವಾಚು, ಹನ್ನೊಂದೂಕಾಲು, ಅಪ್ಪನ ದನಿ ಬೇರೆಯಾಗಿದೆ, ನಿನ್ನೆ ಕುಡಿದಿದ್ದೆ ಏನಯ್ಯಾ, ಇವತ್ತಿನ ದಿನವೇ ಹಿಂಗೆ ಮಾಡ್ತೀಯಾ. ಇಲ್ಲ ಯಜಮಾನ್ರೇ, ತಾಯಾಣೆ, ಕಿಡಿ ಬಂದ್ರೆ ಬತ್ತೈತೆ, ಇಲ್ದಿದ್ರೆ ಇಲ್ಲ, ಈ ರೋಗ ನನಗೇ ತಿಳೀತಾ ಇಲ್ಲ. ತಿಳೀದಿದ್ರೆ ಬೀಗದ ಕೈ ಇಲ್ಲಿ ಕೊಡು, ನಾಳೆಯಿಂದ ಬರಬೇಡ, ಅಪ್ಪ ಕೈ ಚಾಚಿದ್ದಾನೆ, ಓಬಳಪ್ಪ ಗ್ರೀಸಿನ ಕೈ ಪಂಚೆಗೆ ಒರೆಸಿಕೊಳ್ಳುತ್ತಿದ್ದಾನೆ, ಒರೆಸುತ್ತಲೇ ಇದ್ದಾನೆ, ಬೀಗದ ಕೈ ಜೇಬಿನಿಂದ ತೆಗೆಯಲಾರದೆ, ಮಳೆಗಾಲದಲ್ಲಿ ನನ್ನ ಚೀಲಕ್ಕೆ ತನ್ನ ಟವೆಲ್ಲು ಹೊದಿಸುತ್ತಿದ್ದ ಕೈ ಅದು. ಇನ್ನು ಮುಕ್ಕಾಲು ಗಂಟೆ ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಅಜ್ಜೀ, ಆ ಕುದುರೆ ಯಾಕೆ ನಿಂತಿತು? ಎಷ್ಟು ಸಲ ಕೇಳಿದ್ದೇನೆ, ರಾಜನ ಮಗಳೇ ಅದರ ಕಾಲಿಗೆ ಕಾಣದ ಹಾಗೆ ಕೂದಲೆಳೆ ಕಟ್ಟಿದ್ದಳು, ಅನ್ನುವಷ್ಟರಲ್ಲಿ ಅಜ್ಜಿಗೆ ನಿದ್ದೆ ಬಂದುಬಿಡುತ್ತಿತ್ತು, ಕಥೆ ಪ್ರತಿ ಸಲವೂ ಅಲ್ಲೇ. ಆಮೇಲೆ ಏನು ಮಾಡಿದಳಜ್ಜೀ? ಅಜ್ಜಿ ಕಣ್ಣು ತೆರೆಯದೆಯೇ, ಬಿಚ್ಚಿದಳು ಕಣಮ್ಮ, ಕುದುರೆಯವನ ಬೆನ್ನಿಗೆ ಬಾರುಕೋಲು ಬೀಳ್ತಾ ಇತ್ತಲ್ಲ, ಬಿಚ್ಚದೆ ಇನ್ನೇನು ಮಾಡ್ತಾಳೆ. ಹಾಗಾದರೆ ಇವಳಿಗೆ ಗೊತ್ತು, ಬಿಚ್ಚಿದೆ ಅಂತ ನಾನು ಸುಳ್ಳೇ ಹೂಂ ಅಂದ ದಿನದಿಂದಲೂ ಗೊತ್ತು. ಬಾಗಿಲು ತೆರೆದೆ, ರಸ್ತೆ ಕಾದ ಹೆಂಚು, ಸರಿಯಿರಿ ಓಬಳಪ್ಪಾ ಅಂದೆ, ಬಗ್ಗಿದೆ, ಬಿಸಿ ಎಣ್ಣೆಯ ವಾಸನೆ, ನೇಕಾರಳ ಗಂಟು ಬೇರೆ ಯಾರಿಗೂ ಬಿಚ್ಚಲು ಬರುವುದಿಲ್ಲ, ಉಗುರು ತಾಗಿಸಿದರೆ ನನಗೆ ಒಂದೇ ಗಳಿಗೆ. ನಾನೇ ಕಟ್ಟಿದ್ದಪ್ಪಾ, ಬಿಚ್ಚೋಕೆ ಮರೆತಿದ್ದೆ. ಅಪ್ಪ ಚಾಚಿದ ಕೈ ಕೆಳಗಿಳಿಸಿದ. ಓಬಳಪ್ಪ ನಕ್ಕನೋ ಅತ್ತನೋ, ಅಯ್ಯೋ ನನ್ನವ್ವ, ಇದಾ ಆ ರೋಗ, ಸೆಲ್ಫ್ ಹೊಡೆದ, ಗುರ್ ಅಂದಿತು, ಕೆಂಪು ದೀಪ ಆರಿತು. ನೀರಿಗೆ ಬಿಡು, ಅಂತ ಅಜ್ಜಿ ಚೊಂಬು ಮುಂದೆ ಹಿಡಿದಳು, ಇಲ್ಲಿ ಕೆರೆಯೂ ಇಲ್ಲ ಹಳ್ಳವೂ ಇಲ್ಲ, ಬಿಟ್ಟೆ. ಈಗ ರಸ್ತೆ ಓಡುತ್ತಿದೆ, ಬಂಡೆಗಳು, ಕುರಿಗಳು, ಕಲ್ಯಾಣದುರ್ಗ ಅಂತ ಬರೆದ ಮೈಲಿಗಲ್ಲು, ಆರು, ಐದು, ಎಲ್ಲೂ ನಿಲ್ಲುವುದಿಲ್ಲ, ಚೊಂಬಿನ ತಳದಲ್ಲಿ ಜರಿಯ ತುದಿ, ಒಂದು ಮಿಣುಕು, ಇಂಜಿನ್ನಿನ ಜೊತೆ ನಡುಗುತ್ತಿದೆ, ಯಾವುದನ್ನೂ ಮುಟ್ಟದೆ, ಯಾವುದನ್ನೂ ಮುಟ್ಟದೆ