ಹಿಂದಿನ ಸೀಟಿನ ಮೇಷ್ಟ್ರು

ತಮ್ಮನಿಗೆ ಬೀದಿಯವರು ಇಟ್ಟ ಹೆಸರು ಗಾಳಿಪಟ. ಅಷ್ಟು ಸಣಕಲ. ಅಪ್ಪ ಅಮ್ಮ ಒಬ್ಬರ ಹಿಂದೊಬ್ಬರು ತೀರಿಕೊಂಡ ಮೇಲೆ, ಟೆಲಿಫೋನ್ ಎಕ್ಸ್‌ಚೇಂಜಿನ ಸಂಬಳದಲ್ಲಿ ಅಕ್ಕನೇ ಅವನನ್ನು ಸಾಕಿದ್ದಳು. ಯುದ್ಧ ಶುರುವಾಗಿ ಅವನು ವಾಯುಪಡೆಗೆ ಸೇರಿ ಬಂದ ದಿನ ಅವಳು ನಕ್ಕುಬಿಟ್ಟಳು.

"ನಿನ್ನನ್ನ ಹಾರಿಸೋಕೆ ವಿಮಾನ ಯಾಕೋ? ಕಿಟಕಿ ತೆಗೆದ್ರೆ ಸಾಕಲ್ಲ!"

ನಗದೇ ಇದ್ದಿದ್ದರೆ ಅಳು ಬರುತ್ತಿತ್ತು.

ವಿಮಾನ ಹಾರಿಸುವುದರಲ್ಲಿ ಅವನ ಕೈ ಎಷ್ಟು ಹದವಾಗಿತ್ತೆಂದರೆ, ಮೇಲಿನವರು ಅವನನ್ನು ಯುದ್ಧಕ್ಕೆ ಕಳಿಸಲೇ ಇಲ್ಲ. ಹೊಸಬರಿಗೆ ಕಲಿಸು ಎಂದು ತರಬೇತಿ ಮೈದಾನದಲ್ಲೇ ಉಳಿಸಿಕೊಂಡರು. ರಜೆಗೆ ಬಂದರೆ ಮುಖ ಊದಿಸಿಕೊಂಡು ಕೂರುತ್ತಿದ್ದ. "ಜೊತೆಯವರೆಲ್ಲ ಹೋರಾಡ್ತಿದಾರೆ. ನಾನು ಹಿಂದಿನ ಸೀಟಲ್ಲಿ ಕೂತು ಮೇಷ್ಟ್ರಗಿರಿ ಮಾಡ್ತಿದೀನಿ ಅಕ್ಕ." ಅವಳು ಬಾಯಲ್ಲಿ ಅಯ್ಯೋ ಪಾಪ ಅಂದಳು, ಒಳಗೊಳಗೇ ಜೀವ ತಣ್ಣಗಾಗಿತ್ತು.

ಒಂದು ಬೆಳಿಗ್ಗೆ ಬೋರ್ಡಿನಲ್ಲಿ ದೀಪ ಹತ್ತಿತು. ಅವಳು ವೈರು ಚುಚ್ಚಿದಳು. "ತರಬೇತಿ ಮೈದಾನದಿಂದ. ನಿಮ್ಮ ಮೇಲ್ವಿಚಾರಕಿಯನ್ನ ಕೊಡಿ." ಕೊಟ್ಟಳು. ಅಷ್ಟರಲ್ಲಿ ಇನ್ಯಾರೋ ಡಾಕ್ಟರ ನಂಬರು ಕೇಳಿದರು, ಅದನ್ನೂ ಕೊಟ್ಟಳು. ತಲೆಯೆತ್ತಿದಾಗ ಗಾಜಿನ ಕೋಣೆಯಲ್ಲಿ ಮೇಲ್ವಿಚಾರಕಿ ಎದ್ದು ನಿಂತಿದ್ದರು. ಅವರ ಕಣ್ಣು ನೇರ ಇವಳ ಮೇಲಿತ್ತು.

ಯುದ್ಧದಲ್ಲಿ ಮಗ ಸತ್ತ ಮನೆಗಳಿಗೆ ಬೀದಿಗೆ ಬೀದಿಯೇ ಹೋಗುತ್ತಿತ್ತು. ತಮ್ಮನ ಸಾವಿಗೆ ಇವಳ ಮನೆಗೆ ಬಂದವರು, "ಓ, ತರಬೇತೀಲಾ?" ಎಂದು ದನಿ ಇಳಿಸಿ, ಬೇಗ ಎದ್ದು ಹೋದರು.

ಆ ದಿನ ವಿಮಾನದ ಮುಂದಿನ ಸೀಟಿನಲ್ಲಿದ್ದ ಶಿಷ್ಯ ಬದುಕಿದ್ದಾನೆ ಎಂದು ತಿಳಿದಾಗ ಅವಳ ಹೊಟ್ಟೆ ಉರಿಯಿತು. ಭಾನುವಾರ ಬಸ್ಸು ಹತ್ತಿ ಆಸ್ಪತ್ರೆಗೆ ಹೋದಳು. ಗೋಡೆಯ ಪಕ್ಕದ ಮಂಚ, ಎರಡೂ ಕಾಲಿಗೆ ಪ್ಲಾಸ್ಟರು, ಮೀಸೆ ಸರಿಯಾಗಿ ಮೂಡದ ಮುಖ.

"ನೀವು ಸರ್ ಅವರ ಅಕ್ಕ ಅಲ್ವಾ? ಮೂಗು ಹಾಗೇ ಇದೆ."

ಬೈಯಲು ಮಾತು ಕೂಡಿಟ್ಟುಕೊಂಡು ಬಂದಿದ್ದವಳು ಸ್ಟೂಲು ಎಳೆದುಕೊಂಡು ಕೂತಳು. "ಏನಾಯ್ತು ಹೇಳು," ಎಂದಳು.

"ಇಳಿಸುವಾಗ ಗಾಬರಿಯಾಗಿ ವಿಮಾನದ ಮೂತಿ ಜಾಸ್ತಿ ಎತ್ತಿಬಿಟ್ಟೆ. ವೇಗ ಸತ್ತು ಅದು ಗಾಳೀಲೇ ಸೋತುಹೋಯ್ತು. ಸರ್ ಹಿಂದಿನಿಂದ, 'ಹಿಡಿಕೆ ಬಿಡು, ನಾನು ನೋಡ್ಕೋತೀನಿ' ಅಂದ್ರು. ಭಯಕ್ಕೆ ನನ್ನ ಕೈ ಬಿಡಲೇ ಇಲ್ಲ ಅಕ್ಕ."

"ಬೈದನಾ?"

"ಇಲ್ಲ. ಬೈದಿದ್ರೆ ಬಿಡ್ತಿದ್ದೆನೇನೋ."

ಅವಳು ಕಿಟಕಿಯ ಕಡೆ ತಿರುಗಿದಳು. ತಮ್ಮ ಯಾರಿಗೂ ದನಿಯೆತ್ತಿ ಬೈದವನಲ್ಲ. ಅವನನ್ನು ಹಾಗೆ ಬೆಳೆಸಿದವಳು ತಾನೇ.

"ನಿನ್ನ ನೋಡೋಕೆ ಯಾರು ಬರ್ತಾರೆ?"

"ನಮ್ಮೂರ ಕಡೆ ರೈಲು ನಿಂತಿದೆ. ಯಾರಿಗೂ ಬರೋಕಾಗಲ್ಲ. ನೀವು ಮತ್ತೆ ಬರ್ತೀರಾ?"

ಅವಳು ಮುಂದಿನ ಭಾನುವಾರ ಹೋದಳು; ಅದರ ಮುಂದಿನದೂ. ಅವನು ಸರ್ ಬಗ್ಗೆ ಹೇಳುತ್ತಿದ್ದ: ಮೋಡದೊಳಗೆ ಹೊಕ್ಕಾಗ ಅಪಸ್ವರದಲ್ಲಿ ಹಾಡುತ್ತಿದ್ದುದು, ಶಿಷ್ಯರು ಚೆನ್ನಾಗಿ ಇಳಿಸಿದರೆ ಬೆನ್ನಿಗೆ ಗುದ್ದುತ್ತಿದ್ದುದು. ಅಕ್ಕನಿಗೆ ಇದ್ಯಾವುದೂ ಗೊತ್ತಿರಲಿಲ್ಲ.

ಚಳಿ ಕಳೆಯುವ ಹೊತ್ತಿಗೆ ರೈಲು ಮತ್ತೆ ಓಡಿತು. ಹುಡುಗನ ಅಪ್ಪ ಬಂದು, ಊರುಗೋಲಿನಲ್ಲಿ ನಡೆಸಿಕೊಂಡು ಅವನನ್ನು ಮನೆಗೆ ಕರೆದೊಯ್ದ.

ಆಮೇಲಿನ ಭಾನುವಾರ ಅವಳು ಸ್ನಾನ ಮಾಡಿ, ತಲೆ ಬಾಚಿ, ಬಾಗಿಲಿಗೆ ಬೀಗ ಹಾಕಿ ಎಂದಿನಂತೆ ಬಸ್ ಸ್ಟಾಪಿಗೆ ಬಂದಳು. ಆಸ್ಪತ್ರೆ ಕಡೆಯ ಬಸ್ಸು ಬಂದು ನಿಂತಿತು. ಕಂಡಕ್ಟರು, "ಹತ್ತಿ ಅಮ್ಮ," ಅಂದ.

"ಇಲ್ಲಪ್ಪ, ನೀನು ಹೋಗು," ಎಂದಳು.