ಪಟ್ಟಲಮ್ಮನ ಸುಣ್ಣದ ಡಬ್ಬಿ

"ಕಳ್ಳಿ! ನನ್ ಓಲೆ ಕೊಡೇ!"

ಮದ್ದೂರಿನಲ್ಲಿ ಮಳವಳ್ಳಿ ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಪಟ್ಟಲಮ್ಮ ಸೊಸೆಯ ಮುಂಗೈ ಹಿಡಿದಿದ್ದಳು. ಎಪ್ಪತ್ತು ದಾಟಿದ ಮುದುಕಿಯ ಹಿಡಿತ ಅದು ಎಂದರೆ ಯಾರೂ ನಂಬುವಂತಿರಲಿಲ್ಲ. ಚಿಕ್ಕಬೋರಮ್ಮ ಬಿಡಿಸಿಕೊಳ್ಳಲು ಹೋಗಲಿಲ್ಲ. ಬಿಡಿಸಿಕೊಂಡರೆ ಮುದುಕಿ ಬೀಳುತ್ತಾಳೆ. ಬಿದ್ದರೆ ಸೊಸೆಯೇ ತಳ್ಳಿದಳು ಅನ್ನುತ್ತಾರೆ. ಜನ ಅನ್ನುವುದಕ್ಕೆ ಸಿದ್ಧವಾಗೇ ಇರುತ್ತಾರೆ, ಅದಕ್ಕೇನು ಬರವೇ!

"ವಯ್ಸಾದೋರ ಒಡವೆ ಯಾಕಮ್ಮಾ ಕಿತ್ಕಂಡೆ?" ಎಂದು ಸೌತೆಕಾಯಿ ಬುಟ್ಟಿಯ ಹೆಂಗಸೊಬ್ಬಳು ಕೇಳಿಯೇಬಿಟ್ಟಳು.

ಚಿಕ್ಕಬೋರಮ್ಮ ತಲೆಯ ಮೇಲಿನ ಸೆರಗು ಸರಿಸಿ ಎರಡೂ ಕಿವಿ ತೋರಿಸಿದಳು. "ನೋಡ್ಕ ತಾಯಿ. ಏನೈತೆ? ಬೇವಿನ ಕಡ್ಡಿ. ಕದ್ದೋಳು ಕಡ್ಡಿ ಇಕ್ಕಂಡು ತಿರುಗ್ತಾಳಾ?"

ಹೆಂಗಸು ಕಿವಿ ನೋಡಿದಳು, ಮುಖ ನೋಡಿದಳು. ನಂಬಿದ ಹಾಗೆ ಕಾಣಲಿಲ್ಲ. ಮಾರಿಕೊಂಡು ತಿಂದಿರಬಹುದಲ್ಲ ಎಂಬಂತೆ ತುಟಿ ಓರೆ ಮಾಡಿ ಬುಟ್ಟಿಯನ್ನು ಆಚೆಗೆ ಎಳೆದುಕೊಂಡಳು. ಚಿಕ್ಕಬೋರಮ್ಮನ ಗಂಡ ಮರಿಸಿದ್ದಯ್ಯ ಮಾತ್ರ ಇದ್ಯಾವುದೂ ತನಗೆ ಸಂಬಂಧವಿಲ್ಲದವನಂತೆ, ಬಸ್ಸಿನ ಹಿಂದಿನ ಇದ್ದಿಲ ಒಲೆಗೆ ಕಂಡಕ್ಟರು ಗಾಳಿಚಕ್ರ ತಿರುಗಿಸುವುದನ್ನೇ ನೋಡುತ್ತ ನಿಂತಿದ್ದ. ಯುದ್ಧ ಬಂದು ಪೆಟ್ರೋಲು ಹೋದ ಮೇಲೆ ಬಸ್ಸುಗಳು ಹೀಗೆ ಇದ್ದಿಲು ತಿಂದು ಓಡುತ್ತಿದ್ದವು. ಅವ್ವನಿಗೂ ಹೆಂಡತಿಗೂ ನಡುವೆ ಎಂದೂ ಬಾಯಿ ಹಾಕದೆ ಬಾಳಿದ ಗಂಡಸು ಅವನು. ಅದನ್ನೇ ಊರಿನವರು ಒಳ್ಳೆಯತನ ಅನ್ನುತ್ತಿದ್ದರು.

ಓಲೆಯ ಕಥೆ ಇಷ್ಟೇ. ಆರು ವರ್ಷದ ಹಿಂದೆ ಗಂಡ ತೀರಿಕೊಂಡ ದಿನ ಪಟ್ಟಲಮ್ಮ ಕೆಂಪು ಕಲ್ಲಿನ ಓಲೆಗಳನ್ನು ಕಿವಿಯಿಂದ ಬಿಚ್ಚಿ ಎಲ್ಲೋ ಇಟ್ಟಳು. ಎಲ್ಲಿ ಎಂದು ಯಾರಿಗೂ ಹೇಳಲಿಲ್ಲ. ನಾಲ್ಕು ವರ್ಷ ಕಳೆದ ಮೇಲೆ ಆಕೆಗೆ ಅರಳುಮರಳು ಹಿಡಿಯಿತು. ಇಟ್ಟ ಜಾಗ ಮರೆಯಿತು, ಓಲೆ ಮರೆಯಲಿಲ್ಲ. ಅಂದಿನಿಂದ ಕೊಪ್ಪದ ಕೇರಿಗೆಲ್ಲ ಕೇಳುವಂತೆ ದಿನಕ್ಕೆರಡು ಸಲ "ಕಳ್ಳಿ" ಎಂಬ ಕೂಗು. ಮೊದಮೊದಲು ಕೇರಿಯವರು ನಕ್ಕರು. ಆಮೇಲೆ ನಗುವುದನ್ನು ನಿಲ್ಲಿಸಿದರು. ಚಿಕ್ಕಬೋರಮ್ಮನಿಗೆ ಅವರ ನಗುವಿಗಿಂತ ಅದು ನಿಂತದ್ದೇ ಹೆಚ್ಚು ಚುಚ್ಚಿತು.

ಅದೊಂದೇ ಆಗಿದ್ದರೆ ಹೇಗೋ ಹಲ್ಲುಕಚ್ಚಿಕೊಂಡು ಇರುತ್ತಿದ್ದಳು. ಮುದುಕಿ ತವರಿಗೆ ಹೋಗುತ್ತೇನೆಂದು ಹೊರಡುತ್ತಿದ್ದಳು. ತವರಿನ ಕಾಲುದಾರಿ ಹಿತ್ತಿಲಿಂದ ನೇರ ಹೊಲಗಳ ನಡುವೆ ಹೋಗುತ್ತಿತ್ತು, ನಿಜ. ಆದರೆ ಆ ದಾರಿಗೆ ಅಡ್ಡವಾಗಿ ನಾಲೆ ಬಂದು ಹತ್ತು ವರ್ಷವಾಗಿತ್ತು. ಪಟ್ಟಲಮ್ಮನ ತಲೆಯಲ್ಲಿ ನಾಲೆಯನ್ನು ಇನ್ನೂ ಯಾರೂ ಅಗೆದಿರಲಿಲ್ಲ. ಮೂರನೆಯ ಸಲ ಕಬ್ಬು ಕಡಿಯುವವರು ಆಕೆಯನ್ನು ಎದೆಮಟ್ಟದ ನೀರಿನಿಂದ ಎತ್ತಿ ತಂದಾಗ ಚಿಕ್ಕಬೋರಮ್ಮ ಗಂಡನಿಗೆ ಹೇಳಿದ್ದಳು: "ಇವಳು ಸತ್ರೆ ಓಲೆಗಾಗಿ ನಾನೇ ನೂಕ್ದೆ ಅಂತಾರೆ. ನಿಮ್ಮವ್ವ ಇಲ್ಲಿರ್ಬೇಕು, ಇಲ್ಲ ನಾನಿರ್ಬೇಕು."

ಬಸರಾಳಿನಲ್ಲಿ ಮಗಳು ಬೀರಮ್ಮ ಇದ್ದಳಲ್ಲ, ಮೊದಲು ಅಲ್ಲಿಗೇ ಬಿಟ್ಟು ಬಂದರು. ಎಂಟನೇ ದಿನ ನೋಡಲು ಹೋದರೆ ಮುದುಕಿ ಕೊಟ್ಟಿಗೆಯ ಕಂಬಕ್ಕೆ ದನದ ಹಗ್ಗದಲ್ಲಿ ಕಟ್ಟಿಸಿಕೊಂಡು ಕೂತಿದ್ದಳು. ಹೆತ್ತ ಮಗಳ ಮನೆಯಲ್ಲಿ! ಚಿಕ್ಕಬೋರಮ್ಮ ನಾದಿನಿಯ ಜೊತೆ ಬೀದಿಯಲ್ಲಿ ನಿಂತು ಜಗಳವಾಡಿ ಅತ್ತೆಯನ್ನು ವಾಪಸು ಕರೆತಂದಿದ್ದಳು. ದಾರಿಯುದ್ದಕ್ಕೂ ಅತ್ತೆ ಅವಳನ್ನು ಕಳ್ಳಿ ಎಂದೇ ಬೈದಿದ್ದಳು.

ಈಗ ಮಳವಳ್ಳಿಯ ಮಂಚಮ್ಮ. ಗಂಡ, ಮಕ್ಕಳಿಲ್ಲದ ಹೆಂಗಸು, ಬುದ್ಧಿ ಸ್ವಾಧೀನವಿಲ್ಲದ ಮುದುಕರನ್ನು ಮನೆಯಲ್ಲಿಟ್ಟುಕೊಂಡು ನೋಡುತ್ತಾಳೆ, ತಿಂಗಳಿಗೆ ಹತ್ತು ಸೇರು ರಾಗಿ ಕೊಟ್ಟರೆ ಸಾಕು ಎಂದು ಬಳೆಗಾರ ಹೇಳಿದ್ದ. ಚಿಕ್ಕಬೋರಮ್ಮನಿಗೆ ಅಲ್ಲೇ ಅನುಮಾನ. ಹತ್ತು ಸೇರು ಮುದುಕಿಯ ಹೊಟ್ಟೆಗೇ ಹೋಗುತ್ತದೆ. ಕಾಳಿಗೆ ಜನ ಬಡಿದಾಡುತ್ತಿರುವ ಕಾಲದಲ್ಲಿ, ಏನೂ ಉಳಿಯದ ಕೆಲಸವನ್ನು ಯಾರು ಮಾಡುತ್ತಾರೆ?

"ಎಲ್ಲೋ ಏನೋ ಐತೆ" ಎಂದಳು ಬಸ್ಸಿನಲ್ಲಿ.

"ನಿಂಗೆ ದೇವ್ರ ಮೇಲೂ ಅನುಮಾನ" ಎಂದ ಮರಿಸಿದ್ದಯ್ಯ.

ಪಟ್ಟಲಮ್ಮ ಮಡಿಲಲ್ಲಿ ಎಲೆಅಡಿಕೆ ಸಂಚಿ ಇಟ್ಟುಕೊಂಡು, ಅದರೊಳಗಿನ ಹಿತ್ತಾಳೆ ಸುಣ್ಣದ ಡಬ್ಬಿಯನ್ನು ಮುಟ್ಟಿಮುಟ್ಟಿ ನೋಡಿಕೊಳ್ಳುತ್ತಿದ್ದಳು. ಒಳಗಿನ ಸುಣ್ಣ ಒಣಗಿ ಕಲ್ಲಾಗಿ ವರ್ಷಗಳಾಗಿದ್ದವು. ದಿನದ ಎಲೆಗೆ ಸೊಸೆ ಬೇರೆ ಡಬ್ಬಿಯಲ್ಲಿ ಹಸಿ ಸುಣ್ಣ ಹಾಕಿಕೊಡುತ್ತಿದ್ದಳು. ಹಳೆಯದನ್ನು ಬಿಸಾಕೋಣವೆಂದರೆ ಮುದುಕಿ ಕಚ್ಚಲು ಬರುತ್ತಿದ್ದಳು. ಇನ್ನೊಬ್ಬ ಹೆಂಗಸಿನ ಸಂಚಿಗೆ ಕೈಹಾಕುವುದು ಮರ್ಯಾದೆಯಲ್ಲವೆಂದು ಸೊಸೆಯೂ ಸುಮ್ಮನಾಗಿದ್ದಳು.

ಮಂಚಮ್ಮನ ಮನೆಯ ಬಾಗಿಲಿಗೆ ಹೊರಗಡೆಯಿಂದ ಅಗಳಿ ಹಾಕಿತ್ತು. ಚಿಕ್ಕಬೋರಮ್ಮ ಮೊದಲು ಕಂಡದ್ದೇ ಅದನ್ನು. ಗಂಡನಿಗೆ ತಿವಿದಳು. ಅಷ್ಟರಲ್ಲಿ ಪಕ್ಕದ ಬಾವಿಯಿಂದ ಕೊಡ ಹೊತ್ತು ಬಂದ ಎತ್ತರದ, ಒಣಕಲು ಹೆಂಗಸು "ನಾನೇ ಮಂಚಮ್ಮ, ಬನ್ನಿ" ಎಂದು ಅಗಳಿ ತೆಗೆದಳು.

ಪಡಸಾಲೆಯಲ್ಲಿ ಇಬ್ಬರು ಮುದುಕಿಯರು, ಒಬ್ಬ ಮುದುಕ, ಮೊರ ಮುಂದಿಟ್ಟುಕೊಂಡು ಕಾಳು ಆರಿಸುತ್ತಿದ್ದರು. ಹುರುಳಿ ಒಂದು ಕಡೆ, ಅವರೆ ಒಂದು ಕಡೆ. ಯಾರೂ ಕೂಗುತ್ತಿರಲಿಲ್ಲ, ಯಾರೂ ಅಳುತ್ತಿರಲಿಲ್ಲ. ಅರಳುಮರಳಿನವರು ಇಷ್ಟು ತಣ್ಣಗೆ ಕೂರುವುದುಂಟೇ? ಅಫೀಮು ಹಾಕಿದ್ದಾಳೆ ಎಂದುಕೊಂಡಳು ಚಿಕ್ಕಬೋರಮ್ಮ. ಮೂಲೆಯಲ್ಲಿದ್ದ ಅಂಬಲಿಯ ಗಡಿಗೆಗೆ ಮೂಗು ಹಿಡಿದು ನೋಡಿದಳು. ಹುಳಿ ವಾಸನೆ ಬಿಟ್ಟರೆ ಏನೂ ಇಲ್ಲ. ಮಾತಾಡಿಸುವ ನೆಪದಲ್ಲಿ ಮುದುಕನ ಪಕ್ಕ ಕೂತು ಅವನ ಕೈ ತಿರುಗಿಸಿ, ಹಗ್ಗದ ಗುರುತು ಹುಡುಕಿದಳು.

"ಕೈ ನೋಡಿದ್ದಾಯ್ತಾ? ಕಾಲೂ ನೋಡ್ಬುಡು" ಎಂದಳು ಮಂಚಮ್ಮ, ಕೊಡ ಇಳಿಸುತ್ತ.

ಚಿಕ್ಕಬೋರಮ್ಮನಿಗೆ ನಾಚಿಕೆಯಾಗಲಿಲ್ಲ. ಕಾಲನ್ನೂ ನೋಡಿದಳು. "ಒರಗಡೆ ಯಾಕೆ ಅಗಳಿ?"

"ಒಳಗಡೆ ಇದ್ರೆ ಇವ್ರೇ ತಕ್ಕಂಡು ಓಯ್ತಾರೆ. ನಾನು ನೀರಿಗೋದ್ರೆ ಇವ್ರ ಕಾಯೋರ್ಯಾರು, ನೀನಾ?"

"ಅತ್ತು ಸೇರು ರಾಗೀಲಿ ನಿಂಗೇನು ಗಿಟ್ಟುತ್ತೆ?"

"ಏನೂ ಗಿಟ್ಟಾಕಿಲ್ಲ. ನಮ್ಮತ್ತೆ ಅನ್ನೊಂದು ವರ್ಸ ಇಂಗೇ ಇದ್ಲು ಕಣಮ್ಮ, ಈ ಮನೇಲೇ. ಅವಳೋದ್ಮೇಲೆ ಬಯ್ಯೋರೂ ಇಲ್ಲ ಬಯ್ಯುಸ್ಕೊಳ್ಳೋರೂ ಇಲ್ಲ. ಮನೆ ಬಣಗುಟ್ತಿತ್ತು."

ಇದನ್ನು ನಂಬಲು ಚಿಕ್ಕಬೋರಮ್ಮನೇನು ಹಾಲು ಕುಡಿಯುವ ಮಗುವೇ? ಮರಿಸಿದ್ದಯ್ಯ ಮಾತ್ರ ಸಮಾಧಾನದಿಂದ ಕಂಬಕ್ಕೊರಗಿ ಕೂತಿದ್ದ. ಅವನ ಲೆಕ್ಕದಲ್ಲಿ ಎಲ್ಲವೂ ಮುಗಿದಿತ್ತು. ಮಂಚಮ್ಮ ಮುದ್ದೆ ಇಕ್ಕಿದಳು; ಅವನು ಉಣ್ಣಲು ಕೂತ. ಪಟ್ಟಲಮ್ಮನೂ ಹೊಸ ಜಾಗವೆಂದು ಕೂಗಾಡದೆ ಒಳಕೋಣೆಯ ಚಾಪೆಯ ಮೇಲೆ ಸಂಚಿ ಬಿಚ್ಚಿಕೊಂಡು ಕೂತಿದ್ದಳು.

ಚಿಕ್ಕಬೋರಮ್ಮ ಉಣ್ಣಲಿಲ್ಲ. ಹಿತ್ತಿಲು ನೋಡಿ ಬರುತ್ತೇನೆಂದು ಎದ್ದಳು. ಅಲ್ಲಿ ಕಂಡದ್ದು ಏನು! ಪಡಸಾಲೆಯ ಮುದುಕರು ಬೆಳಗಿನಿಂದ ಆರಿಸಿದ್ದ ಹುರುಳಿಯನ್ನೂ ಅವರೆಯನ್ನೂ ಮಂಚಮ್ಮ ಒಂದೇ ಮಂಕರಿಗೆ ಸುರಿದು, ಎರಡೂ ಕೈಯಿಂದ ಕಲಸುತ್ತಿದ್ದಳು.

"ಸಿಕ್ಕುದ್ಯಲ್ಲ! ಕಲಬೆರಕೆ ಮಾಡಿ ಮಾರ್ತೀಯಾ?"

ಮಂಚಮ್ಮ ತಲೆ ಎತ್ತಲಿಲ್ಲ. "ಇದ್ನ ಯಾರು ಕೊಂಡಾರು? ನಾಳೀಕೆ ಅವ್ರು ಆರ್ಸೋಕೆ ಏನ್ ಕೊಡ್ಲಿ? ಕೈಗೆ ಕೆಲ್ಸ ಇಲ್ದಿದ್ರೆ ಒಬ್ಬೊಬ್ರೂ ಒಂದೊಂದು ಊರಿಗೆ ಒಂಟೋಯ್ತಾರೆ."

"ಅದೇ ಕಾಳು ಅಂತ ಗೊತ್ತಾಗಾಕಿಲ್ವಾ?"

"ಗೊತ್ತಾಗಂಗಿದ್ರೆ ನನ್ ಮನೇಗ್ಯಾಕೆ ಬರೋರು?"

ಮಂಚಮ್ಮ ಮಂಕರಿ ಎತ್ತಿಕೊಂಡು ಒಳಗೆ ಹೋದಳು. ಚಿಕ್ಕಬೋರಮ್ಮ ಹಿತ್ತಿಲ ಕಲ್ಲಿನ ಮೇಲೇ ಉಳಿದಳು. ಅಷ್ಟರಲ್ಲಿ ಒಳಕೋಣೆಯಿಂದ ಕುಟ್ಟುವ ಸದ್ದು ಕೇಳಿಸಿತು. ಪಟ್ಟಲಮ್ಮನ ಅಡಿಕೆ ಕುಟ್ಟುವ ಕುಟ್ಟಾಣಿಯದೇ ಸದ್ದು, ಆದರೆ ಅಡಿಕೆಯ ಸದ್ದಲ್ಲ. ಕಲ್ಲು ಒಡೆಯುವ ಸದ್ದು. ಆಮೇಲೆ ಪಿಸುಮಾತು.

ಒಳಕೋಣೆಯ ಬಾಗಿಲ ಸಂದಿಯಿಂದ ಇಣುಕಿದಳು. ಚಾಪೆಯ ಮೇಲೆಲ್ಲ ಬಿಳಿ ಸುಣ್ಣದ ಚೂರು. ಹಿತ್ತಾಳೆ ಡಬ್ಬಿ ಬಾಯಿಬಿಟ್ಟು ಬಿದ್ದಿತ್ತು. ಪಟ್ಟಲಮ್ಮ ಏನನ್ನೋ ಮಂಚಮ್ಮನ ಅಂಗೈಗೆ ಹಾಕಿ ಬೆರಳುಗಳನ್ನು ತಾನೇ ಮಡಿಸಿದಳು. ಮಂಚಮ್ಮ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಸಿಕ್ಕಿಸುವ ಮುಂಚೆ ಒಂದು ಕ್ಷಣ ಸುಣ್ಣದ ನಡುವೆ ಕೆಂಪು ಕಲ್ಲು ಮಿನುಗಿತು.

ಚಿಕ್ಕಬೋರಮ್ಮ ಬಾಗಿಲು ದಬ್ಬಿಕೊಂಡು ನುಗ್ಗಿದಳು. "ಬಿಚ್ಚೇ ಸೊಂಟಾನ! ನಂಗೊತ್ತಿತ್ತು. ಅತ್ತು ಸೇರು ರಾಗಿ ಅಂದಾಗ್ಲೇ ಗೊತ್ತಿತ್ತು ಕಣೇ! ಯೋವ್, ಬಾ ಇಲ್ಲಿ! ಕಳ್ಳಿ ಸಿಕ್ಕುದ್ಲು ಬಾ!"

ಮರಿಸಿದ್ದಯ್ಯ ಎಂಜಲು ಕೈಯಲ್ಲೇ ಓಡಿಬಂದ. ಮಂಚಮ್ಮ ಗಾಬರಿಯಾಗಲಿಲ್ಲ. ಸೊಂಟದಿಂದ ಓಲೆಗಳನ್ನು ತೆಗೆದು ಅಂಗೈ ಮೇಲಿಟ್ಟು ಚಾಚಿದಳು.

"ಯಾರ್ದು ಅಂತ ನನ್ನ ಕೇಳ್ಬ್ಯಾಡ. ಅವಳ್ನೇ ಕೇಳು."

ಪಟ್ಟಲಮ್ಮ ಮಂಚಮ್ಮನ ಕೈಯನ್ನು ಎರಡೂ ಕೈಯಿಂದ ಮುಚ್ಚಿದಳು. "ಈ ಕಳ್ಳಿಗೆ ತೋರುಸ್ಬ್ಯಾಡ ಅಂದಿದ್ನಲ್ಲ! ನನ್ ಸೊಸೇದು ಕಣವ್ವ. ಅವಳು ಬಂದಾಗ ಅವಳ್ ಕೈಗೇ ಕೊಡು."

ಚಿಕ್ಕಬೋರಮ್ಮ ಅತ್ತೆಯ ಕಡೆ ತಿರುಗಿದಳು.

"ಯಾರು ನಿನ್ ಸೊಸೆ?" ಎಂದಳು.

"ಚಿಕ್ಕಬೋರಿ. ನನ್ ಸಿದ್ದನ್ ಎಂಡ್ತಿ. ನಿಂಗ್ಯಾಕೆ?"

"ಎಂಗವ್ಳೆ?"

"ಬಾಯಿ ಜೋರು. ಒಲೆ ಮುಂದೆ ಮಾತಾಡುದ್ರೆ ಊರಬಾಗ್ಲಿಗೆ ಕೇಳ್ತದೆ. ಮುದ್ದೇಲಿ ಗಂಟು ಬುಡ್ತಾಳೆ, ಎಷ್ಟ್ ಏಳುದ್ರೂ ಕಲೀನಿಲ್ಲ." ಮುದುಕಿ ಮಂಚಮ್ಮನ ಕಡೆ ತಿರುಗಿ ದನಿ ತಗ್ಗಿಸಿದಳು. "ಬೇವಿನ ಕಡ್ಡಿ ಇಕ್ಕಂಡು ತಿರುಗ್ತಾಳೆ ಪಾಪ. ನಿನ್ ಓಲೆ ಕೊಡತ್ತೆ ಅಂತ ಒಂದಿನ ಬಾಯ್ಬುಟ್ಟು ಕೇಳ್ನಿಲ್ಲ. ಇವಳಂಗೆ ಕಳ್ಳಿ ಅಲ್ಲ ಅವಳು."

ಚಿಕ್ಕಬೋರಮ್ಮ ಅಲ್ಲೇ ಹೊಸಿಲ ಮೇಲೆ ಕೂತಳು. ಅಳು ಬಂತು. ಅಳುವಿನ ಜೊತೆಗೆ ಸಿಟ್ಟೂ ಬಂತು. ಎರಡು ವರ್ಷ ಕೊಪ್ಪದ ಕೇರಿಯೆಲ್ಲ ಕೇಳುವಂತೆ ಕಳ್ಳಿ ಎಂದು ಕೂಗಿದವಳು, ಕಳ್ಳಿಯಲ್ಲ ಎಂಬ ಮಾತನ್ನು ಎಲ್ಲಿ ಬಂದು ಆಡಿದಳು ನೋಡಿ! ಸಾಕ್ಷಿಗೆ ಯಾರಿದ್ದಾರೆ? ಬಾಯಿ ಬಿಡದ ಗಂಡ, ಗುರುತಿಲ್ಲದ ಹೆಂಗಸು, ಸಂಜೆಯೊಳಗೆ ಎಲ್ಲವನ್ನೂ ಮರೆಯುವ ಮೂವರು ಮುದುಕರು. ಪಡಸಾಲೆಯಲ್ಲಿ ಅವರು ಮತ್ತೆ ಕಾಳು ಆರಿಸಲು ಶುರು ಮಾಡಿದ್ದರು.

"ತಕ್ಕೊ" ಎಂದು ಮಂಚಮ್ಮ ಓಲೆ ಚಾಚಿದಳು.

"ಬ್ಯಾಡ. ಅವಳ ಡಬ್ಬೀಗೇ ಹಾಕು." ಚಿಕ್ಕಬೋರಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು ಎದ್ದಳು. "ಮನೇಲಿ ಸುಣ್ಣ ಇದ್ರೆ ಅದುನ್ನೂ ಒಸಿ ಹಾಕು. ಮುಚ್ಚೋಗ್ಲಿ." ಆಮೇಲೆ ಗಂಡನಿಗೆ ಹೇಳಿದಳು, "ಏಳು, ಕೈ ತೊಳ್ಕೊ. ಬಸ್ಸು ಓಯ್ತದೆ. ಅವ್ವನ ಎಬ್ಬುಸ್ಕ."

"ಕರ್ಕಂಡ್ ಓಗೋದಾ?" ಮರಿಸಿದ್ದಯ್ಯ ಬೆಪ್ಪಾದ. ಅವನ ಕಣ್ಣು ಡಬ್ಬಿಯ ಕಡೆಗೂ ಹೆಂಡತಿಯ ಕಡೆಗೂ ಹರಿದಾಡಿತು. "ಬೆಳಿಗ್ಗೆ ಬುಟ್ಬರ್ಬೇಕು ಅಂದೋಳು ನೀನೇ. ಈಗ... ಓಲೆ ಸಿಕ್ತು ಅಂತಾನಾ?"

ಅವ್ವನಿಗೂ ಹೆಂಡತಿಗೂ ನಡುವೆ ಜೀವಮಾನದಲ್ಲಿ ಒಮ್ಮೆ ಬಾಯಿಬಿಟ್ಟ, ಬಿಟ್ಟು ಆಡಿದ್ದು ಇದನ್ನು.

"ಊರೋರು ಅಂದಿದ್ದು ಸಾಲ್ದು, ಈಗ ನೀನೂ ಸುರು ಮಾಡು" ಎಂದಳು ಚಿಕ್ಕಬೋರಮ್ಮ. ಅವಳ ದನಿಯಲ್ಲಿ ಜೋರಿರಲಿಲ್ಲ. ಅವನು ತಲೆ ತಗ್ಗಿಸಿದ. "ಇತ್ಲ ಬಾಗ್ಲಿಗೆ ನಾಳೀಕೇ ಒರಗಡೆಯಿಂದ ಒಂದು ಅಗಳಿ ಹಾಕ್ಸು. ಉಳ್ಳಿಕಾಳು, ಅವರೆಕಾಳು ಎರಡೆರಡು ಸೇರು ತಂದಾಕು. ಇನ್ನೇನೂ ಕೇಳಾಕಿಲ್ಲ ನಿನ್ನ."

"ಮನೇಗೋದ್ಮೇಲೆ ಮತ್ತೆ ಕಳ್ಳಿ ಅಂತಾಳೆ ಕಣೇ."

"ಅನ್ಲಿ."

ಮಂಚಮ್ಮ ಹಸಿ ಸುಣ್ಣ ಮೆತ್ತಿ ಡಬ್ಬಿಯ ಮುಚ್ಚಳ ಒತ್ತಿ ಪಟ್ಟಲಮ್ಮನ ಸಂಚಿಗೆ ಹಾಕಿದಳು. ಬಾಗಿಲವರೆಗೂ ಬಂದಳು. "ಆಗದೆ ಓದ್ರೆ ಬಾ. ನಾಚ್ಕಬ್ಯಾಡ" ಎಂದಳು. ಚಿಕ್ಕಬೋರಮ್ಮ ಬೀದಿಯ ತಿರುವಿನಲ್ಲಿ ಹಿಂತಿರುಗಿ ನೋಡಿದಾಗ ಹೊರಗಡೆಯ ಅಗಳಿ ಇನ್ನೂ ತೆರೆದೇ ಇತ್ತು. ಆ ಹೆಂಗಸು ಬಾಗಿಲಿಗೆ ಅಡ್ಡ ನಿಂತಿದ್ದಳು.

ಸಂಜೆಯ ಬಸ್ಸು ಉಸಿರು ಕಟ್ಟಿಕೊಂಡು ನಿಧಾನವಾಗಿ ಹೋಗುತ್ತಿತ್ತು. ಅತ್ತೆಯೂ ಸೊಸೆಯೂ ಒಂದೇ ಸೀಟಿನಲ್ಲಿ ಕೂತಿದ್ದರು. ಮರಿಸಿದ್ದಯ್ಯ ಹಿಂದೆಲ್ಲೋ ನಿಂತಿದ್ದ. ಹೊರಗೆ ಕಬ್ಬಿನ ಗದ್ದೆಗಳ ನಡುವೆ ನಾಲೆಯ ನೀರು ಕಂಡಿತು, ಮರೆಯಾಯಿತು. ಪಟ್ಟಲಮ್ಮ ಸಂಚಿಯೊಳಗೆ ಕೈಹಾಕಿ ಡಬ್ಬಿಯನ್ನು ಮುಟ್ಟಿ ನೋಡಿಕೊಂಡಳು. ಆಮೇಲೆ ಪಕ್ಕಕ್ಕೆ ತಿರುಗಿ, ಕಣ್ಣು ಕಿರಿದು ಮಾಡಿ, ತನ್ನ ಜೊತೆ ಕೂತವಳನ್ನು ಬಹಳ ಹೊತ್ತು ನೋಡಿದಳು.

"ಯಾರೇ ನೀನು? ನನ್ನ ಎಲ್ಲಿಗ್ ಕರ್ಕಂಡ್ ಓಯ್ತಿದ್ದೀಯೆ?"

ಮುಂದಿನ ಸೀಟಿನವರು ತಿರುಗಿ ನೋಡಿದರು.

"ನಿನ್ ಸೊಸೆ ತಾವಕ್ಕೆ" ಎಂದಳು ಚಿಕ್ಕಬೋರಮ್ಮ. "ಕೊಪ್ಪದಲ್ಲವ್ಳೆ."

"ನಾನು ಬರೋದು ಗೊತ್ತಾ ಅವಳ್ಗೆ?"

"ಗೊತ್ತು. ಒಲೆ ಮೇಲೆ ಎಸರು ಇಟ್ಕಂಡು ಕಾಯ್ತಾ ಕುಂತವ್ಳೆ."

ಪಟ್ಟಲಮ್ಮ ಯೋಚಿಸಿದಳು. ಸಂಚಿಯನ್ನು ಮಡಿಲಿಂದ ಎತ್ತಿ ಕಿಟಕಿಯ ಕಡೆಗೆ, ಪಕ್ಕದವಳ ಕೈಗೆ ಸಿಗದ ಹಾಗೆ ಇಟ್ಟುಕೊಂಡಳು. ಆಮೇಲೆ, ಸೀಟಿನ ತುದಿಯಲ್ಲಿ ಅರ್ಧ ಮಾತ್ರ ಕೂತಿದ್ದ ಅವಳಿಗೆ ಜಾಗವಾಗಲೆಂದು ಸ್ವಲ್ಪ ಒತ್ತರಿಸಿ ಕೂತಳು.